ತೂಕ ಇಳಿಯದೆ ನಿಂತಾಗ ತುತ್ತು ಹೆಚ್ಚಿಸಬೇಕೇ?

‘ತೂಕ ಇಳಿಯುವುದು ನಿಂತುಹೋದರೆ ಊಟ ಇನ್ನಷ್ಟು ಕಡಿಮೆ ಮಾಡಬಾರದಂತೆ, ಹೆಚ್ಚು ಮಾಡಬೇಕಂತೆ!’ ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಈಗ ಆಗಾಗ ಕೇಳಿಬರುತ್ತಿದೆ. ಕೇಳಿದ ತಾಯಿಗೆ ಒಳಗೊಳಗೇ ಸಮಾಧಾನ. ತಿಂಗಳುಗಟ್ಟಲೆ ತಟ್ಟೆ ಮುಂದೆ ಕೂತು ಮುಖ ತಿರುಗಿಸುತ್ತಿದ್ದ ಮಗಳು ಇನ್ನಾದರೂ ನೆಟ್ಟಗೆ ಉಂಡಾಳು ಎಂಬ ಆಸೆ. ತಂದೆಗೆ ಅನುಮಾನ. ಹೆಚ್ಚು ತಿಂದರೆ ತೂಕ ಇಳಿಯುವುದೆಂದರೆ, ಖರ್ಚು ಹೆಚ್ಚಿಸಿದರೆ ಸಾಲ ತೀರುತ್ತದೆ ಎಂದಂತೆ ಅಲ್ಲವೇ? ವ್ಯಾಯಾಮಶಾಲೆಯ ಗುರುಗಳು ಮಾತ್ರ ಹೌದು ಎಂದು ತಲೆಯಾಡಿಸುತ್ತಾರೆ. ಅವರ ಶಿಷ್ಯನೊಬ್ಬನಿಗೆ ಹಾಗೆಯೇ ಆಗಿದೆ. ಶಿಷ್ಯನಿಗೆ ಆದದ್ದು ಸುಳ್ಳಿರಲಾರದು. ತಂದೆಯ ಅನುಮಾನವೂ ತಪ್ಪಲ್ಲ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ.

ಕೋಲಾರ ಚಿನ್ನದ ಗಣಿ ಪ್ರದೇಶದ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸ ಕೈಗೆತ್ತಿಕೊಂಡಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ನಡುವಿನ ನೂರಿಪ್ಪತ್ತು ವರ್ಷ ಇಲ್ಲಿನ ಜನ ಭೂಮಿಯ ಹೊಟ್ಟೆಗೆ ಇಳಿದು ದುಡಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೊಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಲ್ಲಿ ಬಂಡೆಯೇ ಕೈ ಸುಡುವಷ್ಟು ಬಿಸಿ. ಆ ಸೆಕೆಯಲ್ಲಿ ಆಳುಗಳು ಕುಸಿದು ಬೀಳುವುದೇಕೆ, ಬಿಸಿ ಏರಿದಂತೆ ದುಡಿಮೆ ಎಷ್ಟು ಕುಗ್ಗುತ್ತದೆ ಎಂಬುದನ್ನು 1940ರ ದಶಕದಲ್ಲಿ ಕ್ಯಾಪ್ಲನ್ ಮತ್ತು ಲಿಂಡ್ಸೆ ಎಂಬವರು ಇಲ್ಲಿಯೇ ಅಭ್ಯಾಸ ಮಾಡಿ ಬರೆದರು. ದೇಹವನ್ನು ಒಂದು ಯಂತ್ರದಂತೆ ಕಂಡು ಅದರ ಲೆಕ್ಕ ಬರೆಯುವುದು ಈ ಊರಿಗೆ ಹೊಸದಲ್ಲ.

ಆ ಲೆಕ್ಕವನ್ನು ಈಗಿನ ಅಂಕಿಗಳಲ್ಲಿ ನೋಡಬಹುದು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ 65 ಕಿಲೊ ತೂಗುವ ಗಂಡಸು ಕಷ್ಟದ ಮೈದುಡಿಮೆ ಮಾಡುವವನಾದರೆ ದಿನಕ್ಕೆ 3470 ಕ್ಯಾಲೊರಿ ಬೇಕು. ಅದೇ ಗಂಡಸು ಕೂತು ಕೆಲಸ ಮಾಡುವವನಾದರೆ 2110 ಸಾಕು. ವ್ಯತ್ಯಾಸ 1360. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇರುವುದರಿಂದ, ಇದು ನಾಲ್ಕು ದೊಡ್ಡ ಮುದ್ದೆಗಳಿಗೆ ಸಮ. ಅಜ್ಜ ಗಣಿಯಿಂದ ಹತ್ತಿ ಬಂದು ಉಂಡದ್ದು ಆ ನಾಲ್ಕು ಮುದ್ದೆ ಸೇರಿದ ಊಟ. ಮೊಮ್ಮಗ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿನ ಕಚೇರಿಯಲ್ಲೋ ಕಾಲೇಜಿನಲ್ಲೋ ಕೂತು, ಮತ್ತೆ ರೈಲಿನಲ್ಲಿ ಕೂತು ಮನೆಗೆ ಬರುತ್ತಾನೆ. ದಿನಕ್ಕೆ ನಾಲ್ಕೈದು ಗಂಟೆ ಬರೀ ಪ್ರಯಾಣವೇ ಆಯಿತು. ದುಡಿಮೆ ಬದಲಾದ ವೇಗದಲ್ಲಿ ಅಡುಗೆಮನೆಯ ಅಳತೆ ಬದಲಾಗುವುದಿಲ್ಲ. ಪಾತ್ರೆಗಳು ಅವೇ, ಬಡಿಸುವ ಕೈಯೂ ಅದೇ. ಹಾಗಾಗಿ ಮೈ ಬರುವುದು ಯಾರೊಬ್ಬರ ತಪ್ಪೂ ಅಲ್ಲ, ಸೋಮಾರಿತನವೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ತೂಕ ಇಳಿಸಲು ಹೊರಟವರಲ್ಲಿ ಬಹಳ ಮಂದಿ ತಮ್ಮ ದೇಹವನ್ನು ಶಿಕ್ಷಿಸುವವರಂತೆ ಹೊರಡುತ್ತಾರೆ.

ನಿಂತದ್ದು ಏಕೆ?

ರಾಬರ್ಟ್‌ಸನ್‌ಪೇಟೆಯ ಒಬ್ಬ ಪದವಿ ವಿದ್ಯಾರ್ಥಿನಿ ಎಂದಿಟ್ಟುಕೊಳ್ಳಿ. ವಯಸ್ಸು 19, ಎತ್ತರ 155 ಸೆಂಟಿಮೀಟರು, ತೂಕ 68 ಕಿಲೊ. ಅವಳ ದೇಹಕ್ಕೆ ದಿನಕ್ಕೆ ಹೆಚ್ಚು ಕಡಿಮೆ 1950 ಕ್ಯಾಲೊರಿ ಬೇಕು. ಅವಳು ಬೆಳಗಿನ ತಿಂಡಿ ಬಿಟ್ಟಳು, ರಾತ್ರಿ ಅನ್ನ ಬಿಟ್ಟಳು, ಒಟ್ಟು 1200ರ ಒಳಗೆ ಇರಬೇಕೆಂದು ನಿರ್ಧರಿಸಿದಳು. ಮೊದಲ ತಿಂಗಳು ನಾಲ್ಕು ಕಿಲೊ ಇಳಿಯಿತು. ಗೆಳತಿಯರು ಬೆರಗಾದರು. ಎರಡನೆಯ ತಿಂಗಳು ಎರಡೂವರೆ ಕಿಲೊ. ಆಮೇಲೆ ಐದು ವಾರ ತೂಕದ ಯಂತ್ರ 61.5ರಲ್ಲೇ ಕೂತಿದೆ. ಹೊಟ್ಟೆಗೆ ಹಾಕುವುದು ಅಷ್ಟೇ, ಹಸಿವು ಮಾತ್ರ ದುಪ್ಪಟ್ಟು. ಈಗ ಅವಳ ಮುಂದೆ ಎರಡು ದಾರಿ ಕಾಣುತ್ತವೆ. ಒಂದು, 1200ನ್ನು 900ಕ್ಕೆ ಇಳಿಸುವುದು. ಇನ್ನೊಂದು, ಯಾರೋ ಹೇಳಿದಂತೆ ಹೆಚ್ಚು ತಿಂದು ನೋಡುವುದು.

ಮೊದಲು ಆ ಮೊದಲ ತಿಂಗಳ ನಾಲ್ಕು ಕಿಲೊ ನೋಡಬೇಕು. ಅದೆಲ್ಲ ಕೊಬ್ಬಲ್ಲ. ದೇಹ ಪಿತ್ತಜನಕಾಂಗದಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೊಜೆನ್ ಎಂಬ ಪಿಷ್ಟವನ್ನು ಅರ್ಧ ಕಿಲೊದಷ್ಟು ಕೂಡಿಟ್ಟುಕೊಂಡಿರುತ್ತದೆ. ಒಂದು ಗ್ರಾಂ ಗ್ಲೈಕೊಜೆನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿರುತ್ತದೆ. ಊಟ ಇಳಿದಾಗ ಮೊದಲು ಖರ್ಚಾಗುವುದು ಈ ಕೈಗಡ. ಅದರ ಜೊತೆ ನೀರೂ ಹೋಗುತ್ತದೆ. ಮೊದಲ ವಾರದ ಸಂಭ್ರಮದಲ್ಲಿ ಒಂದು ಒಂದೂವರೆ ಕಿಲೊ ಹೀಗೆ ಹೋದ ನೀರೇ ಆಗಿರಬಹುದು. ಅದೇ ವೇಗ ಮುಂದೆಯೂ ಇರಬೇಕೆಂದು ನಿರೀಕ್ಷಿಸಿದರೆ ನಿರಾಶೆ ಖಂಡಿತ.

ಎರಡನೆಯದು, ಚಿಕ್ಕದಾದ ದೇಹಕ್ಕೆ ಚಿಕ್ಕ ಖರ್ಚು. ಆರೂವರೆ ಕಿಲೊ ಕಡಿಮೆಯಾದ ಮೈಯನ್ನು ಮೆಟ್ಟಿಲು ಹತ್ತಿಸಲು ಕಡಿಮೆ ಇಂಧನ ಸಾಕು. ಈ ಹುಡುಗಿಯ ವಿಷಯದಲ್ಲಿ ಇದರಿಂದ ದಿನಕ್ಕೆ ನೂರು ಕ್ಯಾಲೊರಿಯ ಆಸುಪಾಸು ಇಳಿದಿರುತ್ತದೆ. ಮೂರನೆಯದು ಕಣ್ಣಿಗೆ ಕಾಣದ್ದು. ಊಟ ಇಳಿದ ದೇಹ ತಾನೂ ಕೈ ಬಿಗಿ ಹಿಡಿಯುತ್ತದೆ. ಕೊಬ್ಬಿನ ಕಣಗಳಿಂದ ಹೊರಡುವ ಲೆಪ್ಟಿನ್ ಎಂಬ ಹಾರ್ಮೋನನ್ನು 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಪತ್ತೆ ಹಚ್ಚಿತು. ಮೈಯಲ್ಲಿ ದಾಸ್ತಾನು ಎಷ್ಟಿದೆ ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ಹರಿಕಾರ ಅದು. ದಾಸ್ತಾನು ಇಳಿದಂತೆ ಲೆಪ್ಟಿನ್ ಇಳಿಯುತ್ತದೆ. ಮೆದುಳು ಹಸಿವನ್ನು ಏರಿಸುತ್ತದೆ, ಥೈರಾಯಿಡ್ ಹಾರ್ಮೋನಿನ ಚುರುಕನ್ನು ತಗ್ಗಿಸುತ್ತದೆ. ಕೈ ಕಾಲು ತಣ್ಣಗಾಗುತ್ತವೆ. ಊರ್ಗಾಂ ನಿಲ್ದಾಣದಿಂದ ಮನೆಗೆ ನಡೆದೇ ಹೋಗುತ್ತಿದ್ದವಳು ಆಟೋ ಹತ್ತುತ್ತಾಳೆ. ಮಹಡಿಯಲ್ಲಿ ಒಣಗಿದ ಬಟ್ಟೆ ತರಲು ತಮ್ಮನನ್ನು ಕಳಿಸುತ್ತಾಳೆ. ಇದು ಸೋಮಾರಿತನವೆಂದು ಅಮ್ಮ ಗದರುತ್ತಾಳೆ. ಹುಡುಗಿಗೆ ತಾನು ಬದಲಾದದ್ದೇ ಗೊತ್ತಿಲ್ಲ.

ಇಷ್ಟೆಲ್ಲ ಸೇರಿದರೂ 1950ರ ಖರ್ಚು 1200ಕ್ಕೆ ಇಳಿಯುವುದಿಲ್ಲ. ಹೆಚ್ಚೆಂದರೆ 1700ರವರೆಗೆ ಬರಬಹುದು. ಹಾಗಾದರೆ ಐದು ವಾರ ತೂಕ ನಿಂತದ್ದು ಹೇಗೆ? ಇಲ್ಲಿ ಸ್ವಲ್ಪ ಕಹಿಯಾದ ಒಂದು ಸಂಶೋಧನೆಯನ್ನು ಹೇಳಲೇಬೇಕು. 1992ರಲ್ಲಿ ನ್ಯೂಯಾರ್ಕಿನಲ್ಲಿ ಲಿಚ್‌ಮನ್ ಮತ್ತು ಸಂಗಡಿಗರು ‘ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ’ ಎನ್ನುತ್ತಿದ್ದ ಹತ್ತು ಜನರನ್ನು ಪರೀಕ್ಷಿಸಿದರು. ಅವರ ದೇಹದ ಖರ್ಚು ಸರಿಯಾಗಿಯೇ ಇತ್ತು. ಆದರೆ ತಾವು ತಿಂದದ್ದನ್ನು ಅವರು ಸರಾಸರಿ 47 ಶೇಕಡಾ ಕಡಿಮೆಯಾಗಿ ಬರೆದಿದ್ದರು, ಮಾಡಿದ ವ್ಯಾಯಾಮವನ್ನು 51 ಶೇಕಡಾ ಹೆಚ್ಚಾಗಿ ಬರೆದಿದ್ದರು. ಅವರು ಸುಳ್ಳುಗಾರರೆಂದಲ್ಲ. ಒಗ್ಗರಣೆಯ ಎಣ್ಣೆ, ಸಾರಿನ ಮೇಲೆ ತೇಲುವ ತುಪ್ಪ, ಕಾಫಿಯ ಸಕ್ಕರೆ, ತಮ್ಮ ಬಿಟ್ಟ ಅರ್ಧ ದೋಸೆ ಇವೆಲ್ಲ ಯಾರ ಲೆಕ್ಕದ ಪುಸ್ತಕದಲ್ಲಿಯೂ ಇರುವುದಿಲ್ಲ. ಒಂದು ದೊಡ್ಡ ಚಮಚ ಎಣ್ಣೆಯೇ 120 ಕ್ಯಾಲೊರಿ. ಬಂಗಾರಪೇಟೆಯಲ್ಲಿ ರೈಲು ಬದಲಿಸುವಾಗ ತಿಂದ ಪಾನಿಪೂರಿ? ಅಲ್ಲಿಯ ಪಾನಿಪೂರಿಯ ನೀರು ತಿಳಿಯಾಗಿ ಬಣ್ಣವಿಲ್ಲದೆ ಇರುತ್ತದೆ, ಅದರ ಹೆಸರು ಹೇಳಿಕೊಂಡೇ ಬೆಂಗಳೂರಿನ ಬೀದಿ ಬೀದಿಗಳಲ್ಲಿ ಅಂಗಡಿಗಳು ಎದ್ದಿವೆ. ನೀರು ತಿಳಿಯಾಗಿದ್ದರೂ ಪೂರಿ ಎಣ್ಣೆಯಲ್ಲಿ ಕರಿದದ್ದೇ.

ಹೆಚ್ಚು ಉಂಡು ಕಡಿಮೆ ಉಣ್ಣುವುದು

ಈ ಲೆಕ್ಕದಲ್ಲಿಯೇ ‘ಹೆಚ್ಚು ತಿನ್ನು’ ಎಂಬ ಮಾತಿನ ಗುಟ್ಟು ಅಡಗಿದೆ. ಒಂದು ದಿನದ ಬದಲು ಒಂದು ವಾರದ ಲೆಕ್ಕ ಹಾಕಿ ನೋಡಬೇಕು. ಆ ಹುಡುಗಿ ಸೋಮವಾರದಿಂದ ಶುಕ್ರವಾರದವರೆಗೆ ಹಲ್ಲು ಕಚ್ಚಿ ದಿನಕ್ಕೆ 1000 ಕ್ಯಾಲೊರಿಯಲ್ಲಿ ಇದ್ದಳು ಎನ್ನೋಣ. ಐದು ದಿನಕ್ಕೆ 5000. ಶನಿವಾರ ಮಧ್ಯಾಹ್ನ ಮನೆಗೆ ಬಂದಾಗ ಹಸಿವು ಕಟ್ಟೆ ಒಡೆಯುತ್ತದೆ. ಬೇಕರಿಯ ಪಫ್ಸು, ಪಾನಿಪೂರಿ, ಭಾನುವಾರದ ಬಿರಿಯಾನಿ, ಸಂಜೆ ಟೀವಿ ಮುಂದೆ ಚಿಪ್ಸು. ಆ ಎರಡು ದಿನ 3200ರಂತೆ 6400. ವಾರಕ್ಕೆ ಒಟ್ಟು 11,400. ದಿನಕ್ಕೆ ಸರಾಸರಿ 1630. ಅವಳ ದೇಹದ ಖರ್ಚು 1700ರ ಹತ್ತಿರಕ್ಕೆ ಇಳಿದಿರುವಾಗ ತೂಕ ನಿಲ್ಲದೆ ಇನ್ನೇನು ಮಾಡೀತು? ಐದು ದಿನದ ಉಪವಾಸದ ನೆನಪು ಮಾತ್ರ ಅವಳಿಗೆ ಗಟ್ಟಿಯಾಗಿದೆ, ಎರಡು ದಿನದ ಊಟದ್ದು ತೆಳುವಾಗಿದೆ. ಇದು ಮನುಷ್ಯ ಸಹಜ.

ಈಗ ಅವಳು ದಿನಕ್ಕೆ 1000ರ ಬದಲು 1500 ಉಣ್ಣತೊಡಗಿದಳೆನ್ನಿ. ಬೆಳಿಗ್ಗೆ ಎರಡು ಇಡ್ಲಿಯ ಜೊತೆ ಒಂದು ಮೊಟ್ಟೆ, ಮಧ್ಯಾಹ್ನ ಬುತ್ತಿಯಲ್ಲಿ ಅನ್ನ, ಹುರುಳಿ ಸಾರು, ಪಲ್ಯ, ಮೊಸರು, ರಾತ್ರಿ ಒಂದು ಮುದ್ದೆ ಸೊಪ್ಪಿನ ಸಾರು. ಹೊಟ್ಟೆ ತಣ್ಣಗಿದ್ದುದರಿಂದ ಶನಿವಾರವೂ 1500ರ ಸುತ್ತಲೇ ಉಳಿಯಿತು. ಏಳು ದಿನಕ್ಕೆ 10,500. ಹಿಂದಿಗಿಂತ 900 ಕಡಿಮೆ! ಜೊತೆಗೆ ಮೈಗೆ ಚೈತನ್ಯ ಬಂದು ಊರ್ಗಾಂನಿಂದ ಮತ್ತೆ ನಡೆದೇ ಮನೆಗೆ ಬಂದಳು. ತೂಕ ಇಳಿಯಿತು. ಅವಳು ಎಲ್ಲರಿಗೂ ಹೇಳುವುದು ‘ಹೆಚ್ಚು ತಿಂದೆ, ತೂಕ ಇಳಿಯಿತು’ ಎಂದೇ. ಅವಳ ದೃಷ್ಟಿಯಿಂದ ಅದು ನಿಜವೇ ಹೌದು. ವಾರದ ಲೆಕ್ಕದಲ್ಲಿ ಮಾತ್ರ ಅವಳು ಕಡಿಮೆಯೇ ಉಂಡಿದ್ದಾಳೆ. ಜಿಮ್ಮಿನ ಗುರುಗಳ ಶಿಷ್ಯನ ಕಥೆಯೂ ಬಹುಮಟ್ಟಿಗೆ ಇದೇ ಇರಬೇಕು.

ಆದರೆ ಇದನ್ನೇ ಒಂದು ನಿಯಮವೆಂದು ಹಿಡಿದು, ಲೆಕ್ಕವನ್ನು ಬಿಟ್ಟು, ಎಲ್ಲ ದಿನವೂ ಎಲ್ಲವನ್ನೂ ಹೆಚ್ಚಿಸಿದವನಿಗೆ ತೂಕ ಏರುತ್ತದೆ. ಅಲ್ಲಿ ತಂದೆಯ ಮಾತೇ ಗೆಲ್ಲುತ್ತದೆ.

ಉಪವಾಸ ಬಿದ್ದರೆ ದೇಹ ಕೊಬ್ಬು ಕರಗಿಸುವುದನ್ನೇ ನಿಲ್ಲಿಸಿಬಿಡುತ್ತದೆ ಎಂಬ ಇನ್ನೊಂದು ಮಾತೂ ಇದರ ಜೊತೆಗೇ ಓಡಾಡುತ್ತಿದೆ. ಅದು ನಿಜವಲ್ಲ. ಎರಡನೆಯ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರ ಮೇಲೆ ಒಂದು ಪ್ರಯೋಗ ನಡೆಸಿದರು. ಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದೆ, ಅದರ ಬದಲು ಈ ಸೇವೆಗೆ ತಾವಾಗಿ ಬಂದ ಯುವಕರು ಅವರು. ಯುರೋಪಿನಲ್ಲಿ ಹಸಿದು ಕಂಗೆಟ್ಟ ಜನರಿಗೆ ಯುದ್ಧ ಮುಗಿದ ಮೇಲೆ ಹೇಗೆ ಉಣಿಸಬೇಕು ಎಂದು ತಿಳಿಯುವುದು ಪ್ರಯೋಗದ ಗುರಿ. 24 ವಾರ ಅವರಿಗೆ ಬೇಕಾದುದರ ಅರ್ಧದಷ್ಟು, ಅಂದರೆ ದಿನಕ್ಕೆ 1600 ಕ್ಯಾಲೊರಿಯ ಹತ್ತಿರ ಆಹಾರ ಕೊಟ್ಟು, ವಾರಕ್ಕೆ 35 ಕಿಲೊಮೀಟರ್ ನಡೆಸಿದರು. ತೂಕದಲ್ಲಿ ಕಾಲು ಭಾಗ ಇಳಿಯಿತು. ವಿಶ್ರಾಂತಿಯಲ್ಲಿ ದೇಹ ಖರ್ಚು ಮಾಡುವ ಶಕ್ತಿ 40 ಶೇಕಡಾದಷ್ಟು ಕುಸಿಯಿತು. ಅಷ್ಟು ಕುಸಿದರೂ ಕೊಬ್ಬು ಕರಗುತ್ತಲೇ ಹೋಗಿ ಮೈಯಲ್ಲಿ ಹೆಸರಿಗಷ್ಟೇ ಉಳಿಯಿತು. ಕೊನೆಯ ವಾರಗಳಲ್ಲಿ ತೂಕ ನಿಂತದ್ದು, ಇನ್ನು ಕರಗಲು ಹೆಚ್ಚೇನೂ ಇಲ್ಲದೆ, ಖರ್ಚು ಇಳಿದು ಊಟದ ಮಟ್ಟಕ್ಕೆ ಬಂದು ಸೇರಿದ್ದರಿಂದ. ರಾಬರ್ಟ್‌ಸನ್‌ಪೇಟೆಯ ಹುಡುಗಿಯ ತೂಕ ನಿಂತದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಆ ಯುವಕರಿಗೆ ಆದ ಬೇರೆ ಸಂಗತಿಗಳೇ ಪಾಲಕರು ಗಮನಿಸಬೇಕಾದವು. ಅವರು ಹಗಲೂ ರಾತ್ರಿ ಊಟದ ಮಾತನ್ನೇ ಆಡತೊಡಗಿದರು, ಅಡುಗೆ ಪುಸ್ತಕಗಳನ್ನು ಕೂಡಿಟ್ಟುಕೊಂಡರು, ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಎಳೆದರು. ಗೆಳೆಯರಿಂದ ದೂರವಾದರು, ಸಿಡುಕಿದರು, ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. ಕಾಲುಗಳಲ್ಲಿ ನೀರು ತುಂಬಿ ಬಾವು ಬಂತು. ಬಿಗಿ ಪಥ್ಯದಲ್ಲಿ ಕೊಬ್ಬು ಹೋದರೂ ನೀರು ನಿಂತು ತೂಕದ ಯಂತ್ರ ಅದನ್ನು ಮುಚ್ಚಿಡಬಹುದು ಎನ್ನುವುದಕ್ಕೆ ಇದೊಂದು ಸಾಕ್ಷಿ. ಹೆಣ್ಣುಮಕ್ಕಳಲ್ಲಿ ಮುಟ್ಟಿನ ಮುಂಚಿನ ವಾರವೂ ಹೀಗೆ ಒಂದೆರಡು ಕಿಲೊ ನೀರು ನಿಲ್ಲುವುದುಂಟು. ಆದ್ದರಿಂದ ವಾರದ ತೂಕವನ್ನು ಹಿಂದಿನ ವಾರಕ್ಕಲ್ಲ, ಹಿಂದಿನ ತಿಂಗಳ ಅದೇ ವಾರಕ್ಕೆ ಹೋಲಿಸಬೇಕು. ಪ್ರಯೋಗ ಮುಗಿದ ಮೇಲೆ ಆ ಯುವಕರು ಹೊಟ್ಟೆ ತುಂಬಿದರೂ ಹಸಿವು ಆರದೆ ತಿಂದರು. ಮರಳಿ ಬಂದ ತೂಕದಲ್ಲಿ ಮೊದಲಿಗಿಂತ ಹೆಚ್ಚು ಪಾಲು ಕೊಬ್ಬೇ ಆಗಿತ್ತು. ಪರೀಕ್ಷೆಗೆ ಮೊದಲು ಹಟ ಹಿಡಿದು ಹತ್ತು ಕಿಲೊ ಇಳಿಸಿ, ರಜೆಯಲ್ಲಿ ಹನ್ನೆರಡು ಕಿಲೊ ಏರಿಸಿಕೊಂಡ ಹುಡುಗರು ಈ ಭಾಗವನ್ನು ಎರಡು ಸಲ ಓದುವುದು ಒಳ್ಳೆಯದು.

ಒಬ್ಬನಿಗೆ ಹಿಡಿದದ್ದು ಇನ್ನೊಬ್ಬನಿಗೆ ಹಿಡಿಯದು

ಹೆಚ್ಚು ತಿಂದರೆ ದೇಹದ ಖರ್ಚೂ ಹೆಚ್ಚುತ್ತದೆ ಎಂಬುದರಲ್ಲಿ ಸತ್ಯಾಂಶವಿದೆ. ಎಷ್ಟು ಹೆಚ್ಚುತ್ತದೆ ಎಂಬುದು ಮಾತ್ರ ಆಳಿನಿಂದ ಆಳಿಗೆ ಬೇರೆ. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಜೇಮ್ಸ್ ಲೆವಿನ್ ಹದಿನಾರು ಜನರಿಗೆ ಎಂಟು ವಾರ ದಿನವೂ 1000 ಕ್ಯಾಲೊರಿ ಹೆಚ್ಚಿಗೆ ಉಣಿಸಿದರು. ಒಬ್ಬರಿಗೆ ಅರ್ಧ ಕಿಲೊ ಕೊಬ್ಬೂ ಏರಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕಿಲೊಗಿಂತ ಹೆಚ್ಚು ಏರಿತು. ಏರದವರ ಗುಟ್ಟೇನು? ಅವರು ವ್ಯಾಯಾಮ ಮಾಡಲಿಲ್ಲ. ತಮಗೆ ತಿಳಿಯದೆಯೇ ಹೆಚ್ಚು ಓಡಾಡಿದರು, ಎದ್ದು ಕೂತರು, ಕಾಲು ಆಡಿಸಿದರು. ಒಬ್ಬರಂತೂ ಹೀಗೆ ದಿನಕ್ಕೆ ಸುಮಾರು 700 ಕ್ಯಾಲೊರಿ ಕಳೆದುಕೊಂಡರು. ಕೆಲವರು ಒಂದಿಷ್ಟೂ ಹೆಚ್ಚು ಅಲುಗಾಡಲಿಲ್ಲ. ಕ್ಲಾಸಿನಲ್ಲಿ ಸುಮ್ಮನೆ ಕೂರಲಾರದ ಹುಡುಗ ಎಷ್ಟು ತಿಂದರೂ ಕಡ್ಡಿಯಂತಿರುವುದು, ಪಕ್ಕದಲ್ಲಿ ಕೂತ ಸಾಧು ಹುಡುಗ ಅವನ ಅರ್ಧ ತಿಂದರೂ ಮೈ ತುಂಬಿಕೊಳ್ಳುವುದು ಏಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಗಲಾರದು. ಗೆಳತಿಯ ಪಥ್ಯವನ್ನು ಹಾಗೆಯೇ ನಕಲು ಮಾಡುವ ಮುನ್ನ ಇದನ್ನು ನೆನೆಯಬೇಕು.

ಹಾಗಾದರೆ ಪಥ್ಯದ ನಡುವೆ ಬಿಡುವು ಕೊಡುವುದು, ಎರಡು ವಾರ ಹೊಟ್ಟೆ ತುಂಬ ಉಂಡು ಮತ್ತೆ ಮುಂದುವರಿಯುವುದು ಉಪಯೋಗವೇ? ಇದನ್ನು ಆಸ್ಟ್ರೇಲಿಯದಲ್ಲಿ ಎರಡು ಸಲ ನೋಡಿದ್ದಾರೆ, ಉತ್ತರ ಎರಡು ಥರ ಬಂದಿದೆ. ನುವಾಲಾ ಬರ್ನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೊಜ್ಜಿನ 51 ಗಂಡಸರಿದ್ದರು. ಒಂದು ಗುಂಪು 16 ವಾರ ಒಂದೇ ಸಮನೆ ಪಥ್ಯ ಮಾಡಿತು. ಇನ್ನೊಂದು ಗುಂಪು ಎರಡು ವಾರ ಪಥ್ಯ, ಎರಡು ವಾರ ತೂಕ ಏರದೆ ಇಳಿಯದೆ ಇರುವಷ್ಟು ಊಟ, ಹೀಗೆ ಮಾಡಿ ಅದೇ 16 ಪಥ್ಯದ ವಾರಗಳನ್ನು ಮುಗಿಸಿತು. ಮೊದಲ ಗುಂಪಿಗೆ ಸರಾಸರಿ 9 ಕಿಲೊ ಇಳಿದರೆ ಬಿಡುವಿನ ಗುಂಪಿಗೆ 14 ಕಿಲೊ ಇಳಿಯಿತು. ಆದರೆ ಎರಡನೆಯ ಗುಂಪಿಗೆ ತಗಲಿದ ಕಾಲ ಹೆಚ್ಚುಕಡಿಮೆ ದುಪ್ಪಟ್ಟು ಎಂಬುದನ್ನು ಮರೆಯಬಾರದು. 2021ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಭಾರ ಎತ್ತುವ ಅಭ್ಯಾಸವಿದ್ದ ಹೆಂಗಸರು ಗಂಡಸರಿಗೆ ಮೂರು ವಾರಕ್ಕೊಮ್ಮೆ ಒಂದು ವಾರ ಬಿಡುವು ಕೊಟ್ಟರು. ಕೊಬ್ಬು ಇಳಿಯುವುದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಬಿಡುವು ಪಡೆದವರಿಗೆ ಹಸಿವಿನ ಕಾಟ ಕಡಿಮೆ ಇತ್ತು, ಅಷ್ಟೇ.

ಅಷ್ಟೇ ಎಂದರೂ ಅದು ಸಣ್ಣದಲ್ಲ. ಪಥ್ಯ ಕೆಡುವುದು ಹಸಿವಿನಿಂದಲೇ. ಮುಂಜಾನೆ ಐದೂವರೆಗೆ ಏನೂ ತಿನ್ನದೆ ರೈಲು ಹತ್ತುವ ವಿದ್ಯಾರ್ಥಿಗೆ ಹತ್ತು ಗಂಟೆಯ ಪಾಠ ತಲೆಗೆ ಹತ್ತದಿದ್ದರೆ, ಸಂಜೆ ಬಂಗಾರಪೇಟೆಯಲ್ಲಿ ಕೈ ತಡೆಯದಿದ್ದರೆ, ಅವನಿಗೆ ಬೇಕಾದದ್ದು ಹೆಚ್ಚಿನ ಸಂಯಮವಲ್ಲ, ಬೆಳಗಿನ ತಿಂಡಿ.

ಬಿಡುವು ಕೊಡುವುದಾದರೆ ಅದಕ್ಕೊಂದು ಕ್ರಮವಿದೆ. ಈಗಿನ ತೂಕವನ್ನು ಉಳಿಸಿಕೊಳ್ಳಲು ಬೇಕಾದಷ್ಟು ಮಾತ್ರ, ಎರಡು ವಾರ, ಮೂರು ಹೊತ್ತು ತಪ್ಪದೆ ಉಣ್ಣಬೇಕು. ಮೇಲಿನ ಹುಡುಗಿಗಾದರೆ ಅದು 1700 ಅಥವಾ 1800. ಸೇರಿಸುವ 500 ಕ್ಯಾಲೊರಿ ಬೇಕರಿಯಿಂದಲ್ಲ, ಅಡುಗೆಮನೆಯಿಂದ ಬರಬೇಕು. ಈ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ರಾಗಿಯ ನೂರು ಗ್ರಾಮಿನಲ್ಲಿ 360 ಮಿಲಿಗ್ರಾಮಿನಷ್ಟು ಸುಣ್ಣದಂಶ ಇದೆ, ಅಕ್ಕಿಯಲ್ಲಿ ಅದರ ಹತ್ತರಲ್ಲೊಂದೂ ಇಲ್ಲ. ಅವರೆ, ಹುರುಳಿ, ಕಡಲೆಕಾಯಿ, ಮೊಟ್ಟೆ, ಹಾಲು ಎಲ್ಲ ಕೋಲಾರ ಜಿಲ್ಲೆಯ ಸಂತೆಯಲ್ಲೇ ಸಿಗುತ್ತವೆ. ಡಬ್ಬಿಯ ಪ್ರೋಟೀನ್ ಪುಡಿಗೆ ಎರಡು ಮೂರು ಸಾವಿರ ಸುರಿಯುವ ಅಗತ್ಯ ಯಾವ ವಿದ್ಯಾರ್ಥಿಗೂ ಇಲ್ಲ. ಮೊದಲ ನಾಲ್ಕೈದು ದಿನ ತೂಕ ಒಂದು ಕಿಲೊ ಏರಿದರೆ ಹೆದರಬಾರದು. ಖಾಲಿಯಾಗಿದ್ದ ಗ್ಲೈಕೊಜೆನ್ ಅದರ ನೀರಿನೊಂದಿಗೆ ಮರಳಿ ತುಂಬುತ್ತಿದೆ, ಅಷ್ಟೆ. ಒಂದು ಕಿಲೊ ಕೊಬ್ಬು ಕೂಡಬೇಕಾದರೆ ಖರ್ಚಿಗಿಂತ 7700 ಕ್ಯಾಲೊರಿ ಹೆಚ್ಚು ತಿನ್ನಬೇಕು. ಐದು ದಿನದಲ್ಲಿ ಅದು ಮನೆಯ ಊಟದಿಂದ ಆಗುವ ಕೆಲಸವಲ್ಲ. ಎರಡು ವಾರ ಕಳೆದ ಮೇಲೆ ಮುನ್ನೂರು ನಾನೂರು ಮಾತ್ರ ಇಳಿಸಿ ಮುಂದುವರಿಯಬಹುದು. ವಾರಕ್ಕೆ ಅರ್ಧ ಕಿಲೊ ಇಳಿದರೆ ಸಾಕು, ಯಾವ ಪಥ್ಯವೂ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗೆ ಹೋಗಬಾರದು ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಹೇಳುತ್ತದೆ. ಬೆಳೆಯುವ ಪ್ರಾಯದವರಿಗೆ ಆ 1000 ಎಂಬುದು ಗುರಿಯಲ್ಲ, ಗೋಡೆ.

ಇನ್ನು ಶಾಲೆಗೆ ಹೋಗುವ ಮಕ್ಕಳ ಮಾತು. ಹದಿನೆಂಟು ತುಂಬದವರಿಗೆ ಈ ಕ್ಯಾಲೊರಿ ಲೆಕ್ಕವನ್ನೇ ಕಲಿಸಬಾರದು. ಅದೇ ಸಂಸ್ಥೆಯ ಪಟ್ಟಿಯಲ್ಲಿ 16ರಿಂದ 18ರ ಹುಡುಗನಿಗೆ 3320, ಹುಡುಗಿಗೆ 2500 ಎಂದಿದೆ. ಅಂದರೆ ಬೆಳೆಯುವ ಹುಡುಗನಿಗೆ ಬೇಕಾದದ್ದು ಮೈಮುರಿದು ದುಡಿಯುವ ಆಳಿಗಿಂತ ಸ್ವಲ್ಪವೇ ಕಡಿಮೆ. ಎಲುಬು ಗಟ್ಟಿಯಾಗುವ ಈ ವರ್ಷಗಳಲ್ಲಿ ಕೊರತೆಯಾದದ್ದನ್ನು ಮುಂದೆ ತುಂಬಿಸುವುದು ಕಷ್ಟ. ಈ ವಯಸ್ಸಿನಲ್ಲಿ ಮಗು ದಪ್ಪಗಿದ್ದರೆ ತೂಕ ಇಳಿಸುವುದಕ್ಕಿಂತ, ಇದ್ದ ತೂಕ ಹಾಗೆಯೇ ಉಳಿದು ಎತ್ತರ ಬೆಳೆಯುವಂತೆ ನೋಡಿಕೊಂಡರೆ ಬಹಳ ಮಟ್ಟಿಗೆ ಸಾಕಾಗುತ್ತದೆ. ಕರಿದದ್ದು ಮತ್ತು ಸಿಹಿ ಪಾನೀಯ ಕಡಿಮೆಯಾಗಲಿ, ಸಂಜೆ ಮೈದಾನಕ್ಕೆ ಹೋಗಲಿ. ಹಾಕಿಯೂ ಫುಟ್ಬಾಲೂ ಕೆಜಿಎಫ್‌ಗೆ ಯಾರೂ ಹೊಸದಾಗಿ ಕಲಿಸಬೇಕಾದ ಆಟಗಳಲ್ಲ.

ಹೆಣ್ಣುಮಕ್ಕಳ ತಾಯಂದಿರು ಒಂದು ವಿಷಯವನ್ನು ಸಂಕೋಚವಿಲ್ಲದೆ ಕೇಳಬೇಕು: ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆಯೇ? ಅಮೆರಿಕದ ಆನ್ ಲೌಕ್ಸ್ 2003ರಲ್ಲಿ ಆರೋಗ್ಯವಂತ ಯುವತಿಯರ ಊಟವನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿದಾಗ, ಅಂಡಾಶಯಕ್ಕೆ ಸೂಚನೆ ಕೊಡುವ ಹಾರ್ಮೋನಿನ ಲಯ ಐದೇ ದಿನಗಳಲ್ಲಿ ತಪ್ಪಿದ್ದನ್ನು ಕಂಡರು. ಮೂರು ತಿಂಗಳು ಮುಟ್ಟು ನಿಂತಿದ್ದರೆ, ತಲೆಗೂದಲು ಗುಂಪು ಗುಂಪಾಗಿ ಉದುರುತ್ತಿದ್ದರೆ, ರೈಲಿನಲ್ಲಿ ನಿಂತಾಗ ಕಣ್ಣು ಕತ್ತಲಿಟ್ಟರೆ ಪಥ್ಯವನ್ನು ಅಂದೇ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಅವರು ರಕ್ತದ ಹಿಮೊಗ್ಲೋಬಿನ್ ಮತ್ತು ಥೈರಾಯಿಡ್ ಪರೀಕ್ಷೆ ಬರೆದುಕೊಡುತ್ತಾರೆ. ಎರಡೂ ಅಗತ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19ರ ಹುಡುಗಿಯರಲ್ಲಿ 59 ಶೇಕಡಾ ಮಂದಿಗೆ ರಕ್ತಹೀನತೆ ಇತ್ತು. ಪಥ್ಯಕ್ಕೆ ಮುಂಚೆಯೇ ಇದ್ದ ಸುಸ್ತನ್ನು ಪಥ್ಯದ ಸುಸ್ತು ಎಂದುಕೊಳ್ಳುವ ಸಾಧ್ಯತೆಯೂ ಇದೆ. ತೂಕ ಮೊದಲಿನಿಂದಲೂ ಹಟಮಾರಿಯಾಗಿ ಇಳಿಯದಿರುವುದಕ್ಕೆ ಥೈರಾಯಿಡ್ ಕೊರತೆಯೋ ಅಂಡಾಶಯದ ನೀರುಗುಳ್ಳೆಗಳ ತೊಂದರೆಯೋ ಕಾರಣವಾಗಿದ್ದರೆ, ತುತ್ತು ಏರಿಸುವುದರಿಂದಲೂ ಇಳಿಸುವುದರಿಂದಲೂ ಪೂರ್ತಿ ಪರಿಹಾರ ಸಿಗದು, ಔಷಧಿ ಬೇಕಾಗುತ್ತದೆ.

ಕೊನೆಯದಾಗಿ, ಊಟದ ಹೊತ್ತಿಗೆ ನೆಪ ಹೇಳಿ ತಪ್ಪಿಸಿಕೊಳ್ಳುವ, ಉಂಡ ತಕ್ಷಣ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವ, ಎಲುಬು ಕಾಣುತ್ತಿದ್ದರೂ ತಾನು ದಪ್ಪ ಎಂದು ಅಳುವ ಮಕ್ಕಳಿದ್ದಾರೆ. ಅಂಥವರ ತಟ್ಟೆಯ ಬಗ್ಗೆ ವಾದಕ್ಕೆ ಇಳಿಯಬಾರದು. ಅದು ಮನಸ್ಸಿನ ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ರೈಲಿನಲ್ಲಿ ಹೋಗಿ ಸಂಜೆಯೊಳಗೆ ಬಂಗಾರಪೇಟೆಗೆ ಮರಳಬಹುದು. ಅಷ್ಟು ದೂರ ಹೊರಡುವ ಮುನ್ನ ಮಾತಾಡಿ ನೋಡಬೇಕೆನ್ನುವವರಿಗೆ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ. 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ.